ತಂಬಾಕು ಸೀಮೆಯ ಬಾಯಿಹುಣ್ಣು, ಪ್ರಯೋಗಾಲಯದ ಜೆಲ್

ಕೆನ್ನೆಯ ಒಳಭಾಗದಲ್ಲಿ ಎರಡು ಸೆಂಟಿಮೀಟರ್ ಅಗಲದ ಹುಣ್ಣು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ದೃಢಪಟ್ಟಿದೆ. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿಲ್ಲ, ಸ್ಕ್ಯಾನಿಂಗ್‌ನಲ್ಲೂ ಕಾಣುತ್ತಿಲ್ಲ. ಹುಣ್ಣನ್ನಷ್ಟೇ ತೆಗೆದು ರೋಗಿಯನ್ನು ಮನೆಗೆ ಕಳುಹಿಸಬೇಕೇ, ಅಥವಾ ಕುತ್ತಿಗೆಯನ್ನೂ ತೆರೆದು ದುಗ್ಧರಸ ಗ್ರಂಥಿಗಳನ್ನು ತೆಗೆಯಬೇಕೇ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಮೈಸೂರಿಗೋ ಬೆಂಗಳೂರಿಗೋ ಬರುವ ಬಾಯಿ ಕ್ಯಾನ್ಸರ್ ರೋಗಿಯ ವಿಷಯದಲ್ಲಿ ವೈದ್ಯರು ಎದುರಿಸುವ ಕಠಿಣ ಪ್ರಶ್ನೆಗಳಲ್ಲಿ ಇದೂ ಒಂದು.

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು ಈ ಪ್ರಶ್ನೆಗೆ ಉತ್ತರ ಹುಡುಕಿ 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆರಂಭಿಕ ಹಂತದಲ್ಲಿದ್ದ ಸುಮಾರು 500 ರೋಗಿಗಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಹುಣ್ಣಿನ ಜೊತೆಗೇ ಕುತ್ತಿಗೆಯ ಶಸ್ತ್ರಚಿಕಿತ್ಸೆ. ಇನ್ನೊಂದಕ್ಕೆ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡ ಮೇಲಷ್ಟೇ. ಮೂರು ವರ್ಷಗಳ ನಂತರ ಬದುಕಿದ್ದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇ 80, ಎರಡನೆಯದರಲ್ಲಿ ಶೇ 67.5. ಅಂದರೆ ಕಾಯುವುದಕ್ಕಿಂತ ಮೊದಲೇ ಕತ್ತರಿಸುವುದು ಮೇಲು. ಜಗತ್ತಿನ ಅನೇಕ ಆಸ್ಪತ್ರೆಗಳು ಈ ಭಾರತೀಯ ಅಧ್ಯಯನವನ್ನು ಆಧಾರವಾಗಿ ಇಟ್ಟುಕೊಂಡಿವೆ.

ಆದರೆ ಅದೇ ಅಧ್ಯಯನಕ್ಕೆ ಇನ್ನೊಂದು ಮುಖವಿದೆ. ಮೊದಲೇ ಕುತ್ತಿಗೆ ತೆರೆದವರಲ್ಲಿ ಸುಮಾರು ಶೇ 30ರಷ್ಟು ಮಂದಿಯ ಗ್ರಂಥಿಗಳಲ್ಲಿ ಮಾತ್ರ ಕ್ಯಾನ್ಸರ್ ಕೋಶಗಳು ಸಿಕ್ಕವು. ಉಳಿದವರ ಗ್ರಂಥಿಗಳು ಶುದ್ಧವಾಗಿದ್ದವು. ಕುತ್ತಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಭುಜಕ್ಕೆ ಹೋಗುವ ನರಕ್ಕೆ ಪೆಟ್ಟಾಗುವ ಸಂಭವ ಇರುತ್ತದೆ. ತೋಳು ಎತ್ತಲಾಗದ, ಭುಜ ಬಿಗಿದುಕೊಳ್ಳುವ ತೊಂದರೆ ಉಳಿಯಬಹುದು. ಮೇಜಿನ ಮುಂದೆ ಕುಳಿತು ದುಡಿಯುವವನಿಗೆ ಇದು ನೋವು. ಸೌದೆ ಹೊರುವ, ಎಲೆ ಪೋಣಿಸಿದ ಕೋಲನ್ನು ಬ್ಯಾರನ್‌ನ ಅಟ್ಟಣಿಗೆಗೆ ಏರಿಸುವ ಕೂಲಿಗೆ ಇದು ಅನ್ನದ ಪ್ರಶ್ನೆ. ಯಾರ ಕ್ಯಾನ್ಸರ್ ಹರಡುತ್ತದೆ, ಯಾರದು ಹರಡುವುದಿಲ್ಲ ಎಂದು ಮೊದಲೇ ಹೇಳಬಲ್ಲ ಸಾಧನವೊಂದು ಇದ್ದಿದ್ದರೆ?

ಸದ್ಯಕ್ಕೆ ಇರುವ ಮುಖ್ಯ ಅಳತೆಗೋಲು ಹುಣ್ಣಿನ ಆಳ. ಬಾಯಿ ಕ್ಯಾನ್ಸರ್ ಎಷ್ಟು ಮಿಲಿಮೀಟರ್ ಒಳಕ್ಕೆ ಇಳಿದಿದೆ ಎಂಬುದನ್ನು 2018ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಹಂತ ನಿರ್ಣಯ ಪದ್ಧತಿಯಲ್ಲಿ ಸೇರಿಸಲಾಗಿದೆ. ಆಳ ಹೆಚ್ಚಿದ್ದಷ್ಟೂ ಹರಡುವ ಸಂಭವ ಹೆಚ್ಚು. ಆದರೆ ಈ ಅಳತೆ ಕ್ಯಾನ್ಸರ್ ಈಗಾಗಲೇ ಎಷ್ಟು ದೂರ ನಡೆದಿದೆ ಎಂದು ಹೇಳುತ್ತದೆಯೇ ಹೊರತು, ಅದರ ನಡಿಗೆಯ ಸ್ವಭಾವವನ್ನು ಹೇಳುವುದಿಲ್ಲ. ಆ ಸ್ವಭಾವವನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ನೋಡುವ ಪ್ರಯತ್ನವೇ ಜೆಲ್ ಮಾದರಿಗಳು.

ತಟ್ಟೆಯಲ್ಲಿ ಸಿಗದ ಉತ್ತರ

ಕ್ಯಾನ್ಸರ್ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಹೊಸತೇನಲ್ಲ. ದಶಕಗಳಿಂದ ಅವುಗಳನ್ನು ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ, ಪೋಷಕ ದ್ರವದಲ್ಲಿ ಬೆಳೆಸಲಾಗುತ್ತಿದೆ. ತೊಂದರೆ ಇರುವುದು ತಟ್ಟೆಯಲ್ಲಿ. ಆ ಪ್ಲಾಸ್ಟಿಕ್‌ನ ಗಡಸುತನ ಸುಮಾರು 300 ಕೋಟಿ ಪ್ಯಾಸ್ಕಲ್. ಮೃದು ಅಂಗಾಂಶದ್ದು ಕೆಲವು ನೂರರಿಂದ ಕೆಲವು ಸಾವಿರ ಪ್ಯಾಸ್ಕಲ್ ಮಾತ್ರ. ಕೆಸರುಗದ್ದೆಯಲ್ಲಿ ನಡೆಯುವವನ ಹೆಜ್ಜೆಯನ್ನು ಸಿಮೆಂಟು ರಸ್ತೆಯ ಮೇಲೆ ಪರೀಕ್ಷಿಸಿದ ಹಾಗೆ. ಮೇಲಾಗಿ ತಟ್ಟೆಯಲ್ಲಿ ಕೋಶ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ದೇಹದಲ್ಲಿ ಅದು ಎಲ್ಲ ದಿಕ್ಕಿನಿಂದಲೂ ನಾರುಗಳ ಬಲೆಯೊಳಗೆ ಸಿಕ್ಕಿಕೊಂಡಿರುತ್ತದೆ. ತಟ್ಟೆಯ ಮೇಲೆ ಚೆನ್ನಾಗಿ ಕೆಲಸ ಮಾಡಿದ ಔಷಧ ರೋಗಿಯ ಮೇಲೆ ಸೋಲುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಜೆಲ್ ಎಂದೊಡನೆ ತಲೆಗೂದಲಿಗೆ ಹಚ್ಚುವ ಸಾಮಗ್ರಿ ನೆನಪಾದರೆ ತಪ್ಪೇನಿಲ್ಲ; ಗುಣ ಅದೇ. ಇನ್ನೂ ಹತ್ತಿರದ ಉದಾಹರಣೆ ಎಂದರೆ ಕಾಮಕಸ್ತೂರಿ ಬೀಜ. ನೀರಿಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ಅದರ ಸುತ್ತ ಲೋಳೆಯ ಪೊರೆ ಕಟ್ಟುತ್ತದೆ. ಉದ್ದನೆಯ ಅಣುಗಳ ಬಲೆಯೊಂದು ತನ್ನೊಳಗೆ ನೀರನ್ನು ಹಿಡಿದಿಟ್ಟುಕೊಂಡು, ಹರಿಯದೆ, ಗಟ್ಟಿಯೂ ಆಗದೆ ನಿಲ್ಲುವುದೇ ಜಲಜೆಲ್. ದೇಹದ ಕೋಶಗಳ ನಡುವೆ ಇರುವುದೂ ಇಂಥದ್ದೇ ಬಲೆ. ಅದರಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳೇ ಪ್ರಧಾನ.

ಮೊದಲು ಬಂದವು ನೈಸರ್ಗಿಕ ಜೆಲ್‌ಗಳು. ಇಲಿಯ ಬಾಲದಿಂದ ತೆಗೆದ ಕೊಲಾಜೆನ್ ಅದರಲ್ಲಿ ಒಂದು. ಇಲಿಯಲ್ಲಿ ಬೆಳೆಯುವ ಒಂದು ಬಗೆಯ ಗಡ್ಡೆಯಿಂದ ತೆಗೆದ ‘ಮ್ಯಾಟ್ರಿಜೆಲ್’ ಇನ್ನೊಂದು. ಇದು 1980ರ ದಶಕದಿಂದ ಬಳಕೆಯಲ್ಲಿದೆ; ಮಂಜುಗಡ್ಡೆಯ ತಂಪಿನಲ್ಲಿ ದ್ರವವಾಗಿದ್ದು, ದೇಹದ ಬಿಸಿಗೆ ಬಂದೊಡನೆ ಹೆಪ್ಪುಗಟ್ಟುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ ಮಿನಾ ಬಿಸ್ಸೆಲ್ ಅವರ ತಂಡ 1997ರಲ್ಲಿ ಇಂಥ ಜೆಲ್‌ನೊಳಗೆ ಸ್ತನ ಕ್ಯಾನ್ಸರ್ ಕೋಶಗಳನ್ನು ಬೆಳೆಸಿ, ಅವು ಸುತ್ತಲಿನ ಬಲೆಯನ್ನು ಹಿಡಿದುಕೊಳ್ಳುವ ಕೊಂಡಿಯೊಂದನ್ನು ತಡೆದಾಗ ಅವು ಮತ್ತೆ ಆರೋಗ್ಯವಂತ ಕೋಶಗಳಂತೆ ಅಚ್ಚುಕಟ್ಟಾದ ಗುಂಡನೆಯ ರಚನೆಗೆ ಮರಳುವುದನ್ನು ತೋರಿಸಿತು. ವಂಶವಾಹಿಗಳ ದೋಷ ಹಾಗೇ ಇತ್ತು. ನಡತೆ ಮಾತ್ರ ಬದಲಾಗಿತ್ತು. ಕ್ಯಾನ್ಸರ್ ಎಂದರೆ ಕೆಟ್ಟ ಕೋಶ ಮಾತ್ರವಲ್ಲ, ಕೋಶ ಮತ್ತು ನೆರೆಹೊರೆಯ ಸಂಬಂಧವೂ ಹೌದು ಎಂಬ ವಾದಕ್ಕೆ ಅಂದಿನಿಂದ ಬಲ ಬಂತು.

ನೈಸರ್ಗಿಕ ಜೆಲ್‌ಗಳ ತೊಡಕು ಎಂದರೆ ಒಂದು ಸೀಸೆಯಂತೆ ಇನ್ನೊಂದು ಇರುವುದಿಲ್ಲ. ನೂರಾರು ಬಗೆಯ ಪ್ರೋಟೀನುಗಳು ಬೆರೆತಿರುವುದರಿಂದ ಯಾವುದರಿಂದ ಏನಾಯಿತೆಂದು ಬಿಡಿಸಿ ಹೇಳುವುದೂ ಕಷ್ಟ. ಹಾಗಾಗಿ ಎಂಜಿನಿಯರುಗಳು ಈ ಕ್ಷೇತ್ರಕ್ಕೆ ಕಾಲಿಟ್ಟರು. ಸ್ವಿಟ್ಜರ್ಲೆಂಡ್‌ನ ಸಂಶೋಧಕರು 2003ರಲ್ಲಿ ಕೃತಕ ಪಾಲಿಮರ್ ಎಳೆಗಳನ್ನು ಚಿಕ್ಕ ಪ್ರೋಟೀನ್ ತುಣುಕುಗಳಿಂದ ಹೆಣೆದು, ಕೋಶವು ತನ್ನ ಕಿಣ್ವದಿಂದ ಕತ್ತರಿಸಿಕೊಂಡು ಮುಂದೆ ಸಾಗಬಲ್ಲ ಜೆಲ್ ರೂಪಿಸಿದರು. ಜೆಲಟಿನ್‌ಗೆ ಬೆಳಕು ಬೀರಿ ಬೇಕಾದಷ್ಟು ಗಟ್ಟಿ ಮಾಡುವುದು, ಕಡಲಪಾಚಿಯಿಂದ ಬರುವ ಆಲ್ಜಿನೇಟ್‌ಗೆ ಕ್ಯಾಲ್ಸಿಯಂ ಸೇರಿಸಿ ಹೆಪ್ಪುಗಟ್ಟಿಸುವುದು ಹೀಗೆ ಹಲವು ದಾರಿಗಳಿವೆ. ಗಡಸುತನ, ರಂಧ್ರಗಳ ಗಾತ್ರ, ಕೋಶ ಹಿಡಿದುಕೊಳ್ಳುವ ಕೊಂಡಿಗಳ ಸಂಖ್ಯೆ ಇವುಗಳಲ್ಲಿ ಸಾಧ್ಯವಾದಷ್ಟು ಒಂದನ್ನು ಮಾತ್ರ ಬದಲಿಸಿ ಉಳಿದವನ್ನು ಹಾಗೇ ಇಡುವುದು ಇದರ ಉದ್ದೇಶ.

ಒಂದೊಂದೇ ಗುಂಡಿ ತಿರುಗಿಸಿ ನೋಡಿದಾಗ ಸಿಕ್ಕ ಫಲ ಸಣ್ಣದಲ್ಲ. 2005ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಸ್ತನ ಅಂಗಾಂಶದ ಗಡಸುತನ ಸುಮಾರು 170 ಪ್ಯಾಸ್ಕಲ್ ಇದ್ದರೆ ಗಡ್ಡೆಯದು ಸುಮಾರು 4,000 ಇತ್ತು. ಜೆಲ್ ಅನ್ನು ಗಡಸು ಮಾಡುತ್ತ ಹೋದಂತೆ ಕೋಶಗಳು ಶಿಸ್ತು ಬಿಟ್ಟು ಗಡ್ಡೆಯ ಕೋಶಗಳಂತೆ ವರ್ತಿಸತೊಡಗಿದವು. 2013ರ ಇನ್ನೊಂದು ಅಧ್ಯಯನ ಕೊಲಾಜೆನ್ ಬಲೆಯ ರಂಧ್ರಗಳನ್ನು ಕಿರಿದು ಮಾಡುತ್ತ ಹೋಯಿತು. ಬಲೆಯನ್ನು ಕತ್ತರಿಸುವ ಕಿಣ್ವಗಳನ್ನು ತಡೆದಿದ್ದಾಗ, ರಂಧ್ರವು ಕೋಶಕೇಂದ್ರದ ಅಡ್ಡಳತೆಯ ವಿಸ್ತೀರ್ಣದ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೂ ಕೋಶಗಳು ಹೇಗೋ ನುಸುಳಿದವು. ಅದಕ್ಕಿಂತ ಕಿರಿದಾದಾಗ ಸಿಕ್ಕಿಹಾಕಿಕೊಂಡವು.

ಬೆಂಗಳೂರಿನಲ್ಲಿ ನಡೆದಿರುವುದು

ಮೈಸೂರು ಅರಸರು ಕೊಟ್ಟ ಜಮೀನಿನಲ್ಲಿ ತಲೆಯೆತ್ತಿದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸ ಕೆಲವು ವರ್ಷಗಳಿಂದ ನಡೆಯುತ್ತಿದೆ. ವೈದ್ಯಕೀಯ ಪದವಿ ಪಡೆದು ಸಂಶೋಧನೆಗೆ ಬಂದ, ಬಿಸ್ಸೆಲ್ ಅವರ ಪ್ರಯೋಗಾಲಯದಲ್ಲಿ ತರಬೇತಾದ ರಾಮ್‌ರಾಯ್ ಭಟ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಎರಡು ಪದರಗಳಿದ್ದವು. ಸ್ತನ ಕ್ಯಾನ್ಸರ್ ಕೋಶಗಳ ಗೊಂಚಲಿಗೆ ಮೊದಲು ತಳಪೊರೆಯನ್ನು ಹೋಲುವ ಲೇಪ, ಅದರ ಸುತ್ತ ನಾರುನಾರಾದ ಕೊಲಾಜೆನ್. ದೇಹದಲ್ಲಿ ಕ್ಯಾನ್ಸರ್ ದಾಟಬೇಕಾದ ಬೇಲಿಗಳೂ ಇದೇ ಕ್ರಮದಲ್ಲಿವೆ. ಗೊಂಚಲಿನಿಂದ ಕೆಲವು ಕೋಶಗಳು ಒಂಟಿಯಾಗಿ, ಕೆಲವು ಗುಂಪಾಗಿ ಹೊರಡುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದನ್ನೇ ಕಂಪ್ಯೂಟರ್‌ನಲ್ಲಿ ಮರುಸೃಷ್ಟಿಸಲಾಯಿತು.

ಇದೇ ತಂಡದ 2021ರ ಪ್ರಬಂಧ ಇನ್ನೂ ಸೋಜಿಗದ್ದು. ಒಂದೇ ತಳಿಯ ಕ್ಯಾನ್ಸರ್ ಕೋಶಗಳಲ್ಲೂ ಮೈಮೇಲಿನ ಒಂದು ಬಗೆಯ ಸಕ್ಕರೆಯ ಅಂಶ ಕೆಲವದರಲ್ಲಿ ಹೆಚ್ಚು, ಕೆಲವದರಲ್ಲಿ ಮಧ್ಯಮ. ಎರಡನ್ನೂ ಬೇರ್ಪಡಿಸಿ ಜೆಲ್‌ನಲ್ಲಿಟ್ಟಾಗ ಮಧ್ಯಮ ಪ್ರಮಾಣದವು ಬಲೆಯನ್ನು ಬಿಗಿಯಾಗಿ ಹಿಡಿದು ಬೇಗ ಮುನ್ನುಗ್ಗಿದವು. ಎರಡನ್ನೂ ಬೆರೆಸಿದಾಗ ಅವೇ ಗಡ್ಡೆಯ ಅಂಚಿಗೆ ಬಂದು ನಿಂತವು. ಸಕ್ಕರೆ ಹೆಚ್ಚಿದ್ದವು ನಡುವೆ ಉಳಿದವು. ಗಡ್ಡೆಯೊಳಗೂ ಕೆಲಸ ಹಂಚಿಕೆ ಇರುತ್ತದೆ ಎಂದಾಯಿತು. ಗಡ್ಡೆಯ ನಡುವಿನಿಂದ ತೆಗೆದ ಚೂರೊಂದನ್ನೇ ನೋಡಿ ತೀರ್ಪು ಕೊಡುವುದು ಏಕೆ ಅಪಾಯ ಎಂಬುದಕ್ಕೂ ಇದರಲ್ಲಿ ಸುಳಿವಿದೆ.

ಆದರೆ ಇವೆಲ್ಲ ಸ್ತನ ಕ್ಯಾನ್ಸರ್ ಕೋಶಗಳ ಮೇಲಿನ ಕೆಲಸ ಎಂಬುದು ಗಮನಾರ್ಹ. ಇದರಲ್ಲಿ ಸಂಶೋಧಕರ ತಪ್ಪೇನೂ ಇಲ್ಲ. ಸುಲಭವಾಗಿ ಕೈಗೆ ಸಿಗುವ, ಚೆನ್ನಾಗಿ ಪರಿಚಿತವಾದ ಕೋಶತಳಿಗಳು ದಶಕಗಳ ಹಿಂದೆ ಪಶ್ಚಿಮದ ರೋಗಿಗಳಿಂದ ತೆಗೆದವು. ಭಾರತದ ಚಿತ್ರ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ತುಟಿ ಮತ್ತು ಬಾಯಿ ಕ್ಯಾನ್ಸರ್‌ನ ಹೊಸ ಪ್ರಕರಣಗಳು ಸುಮಾರು 1.43 ಲಕ್ಷ. ಗಂಡಸರಲ್ಲಿ ಮೊದಲ ಸ್ಥಾನ ಇದಕ್ಕೇ. ಇದು ಹೆಚ್ಚಾಗಿ ನಮ್ಮ ರೋಗ. ಇದರ ಜೆಲ್ ಮಾದರಿಯನ್ನು ಬೇರೆಯವರು ಮಾಡಿಕೊಡಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಬಿಗಿದುಕೊಳ್ಳುವ ಕೆನ್ನೆ

ಬಾಯಿ ಕ್ಯಾನ್ಸರ್‌ಗೂ ಜೆಲ್‌ಗೂ ಇರುವ ನಂಟು ಕೇವಲ ಸಾದೃಶ್ಯದ್ದಲ್ಲ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಬಾಯಿ ದಿನೇ ದಿನೇ ಕಡಿಮೆ ತೆರೆಯುವ ಕಾಯಿಲೆಯೊಂದಿದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಕೆನ್ನೆಯ ಒಳಪದರ ಬಿಳಿಚಿ ಹಲಗೆಯಂತೆ ಗಟ್ಟಿಯಾಗುತ್ತದೆ. ಕಡೆಗೆ ಎರಡು ಬೆರಳು ತೂರದಷ್ಟು ಬಾಯಿ ಮುಚ್ಚಿಕೊಳ್ಳುತ್ತದೆ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಒಳಪದರದ ಕೆಳಗೆ ಕೊಲಾಜೆನ್ ಮಿತಿಮೀರಿ ಜಮೆಯಾಗುವುದೇ ಇದರ ತಿರುಳು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷಗಳ ಕಾಲ ಗಮನಿಸಿ 1985ರಲ್ಲಿ ಪ್ರಕಟಿಸಿದ ವರದಿಯಂತೆ ಶೇ 7.6ರಷ್ಟು ಮಂದಿಗೆ ಕ್ಯಾನ್ಸರ್ ಬಂತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಕೊಂಡಯ್ಯ ಅವರ ತಂಡ 2012 ಮತ್ತು 2015ರಲ್ಲಿ ಪ್ರಕಟಿಸಿದ ಪ್ರಬಂಧಗಳು ಇದರ ದಾರಿಯನ್ನು ತೋರಿಸಿದವು. ಅಡಿಕೆಯ ಸಾರ ತಾಗಿದ ಬಾಯಿಯ ಮೇಲ್ಪದರದ ಕೋಶಗಳು ‘ಟಿಜಿಎಫ್ ಬೀಟಾ’ ಎಂಬ ಸಂಕೇತ ವಸ್ತುವನ್ನು ಚುರುಕುಗೊಳಿಸುತ್ತವೆ. ಅದು ಕೆಳಗಿನ ನಾರುಕೋಶಗಳನ್ನು ಕೆಣಕುತ್ತದೆ. ಅವು ಕೊಲಾಜೆನ್ ನೇಯುತ್ತ ಹೋಗುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದ್ದು ಇಲ್ಲಿ ನೆನೆಯಬೇಕಾದ ಸಂಗತಿ. ಅಡಿಕೆ ಬೆಳೆಗಾರರ ರಾಜ್ಯದಲ್ಲಿ ಇದು ಅಪ್ರಿಯ ಮಾತು. ಆದರೂ ಮಾತು ಮಾತೇ.

ಸ್ತನ ಕೋಶಗಳ ವಿಷಯದಲ್ಲಿ ಜೆಲ್ ಕಲಿಸಿದ್ದು ಗಡಸು ನೆಲ ಕೋಶವನ್ನು ಕೆಡಿಸುತ್ತದೆ ಎಂದು. ಕೆನ್ನೆಯ ನೆಲವೇ ವರ್ಷಾನುಗಟ್ಟಲೆ ಗಡಸಾಗುತ್ತ ಬಂದಿರುವ ರೋಗಿಯಲ್ಲಿ ಏನಾಗುತ್ತದೆ? ಗಡಸುತನ ಕ್ಯಾನ್ಸರನ್ನು ಹರಡಲು ಪ್ರೇರೇಪಿಸುತ್ತದೆಯೇ, ಅಥವಾ ದಟ್ಟವಾದ ಕೊಲಾಜೆನ್ ಗೋಡೆಯಾಗಿ ನಿಂತು ತಡೆಯುತ್ತದೆಯೇ? ಎರಡೂ ಸಾಧ್ಯ. ಕೆನ್ನೆಯಷ್ಟೇ ಗಡಸಾದ, ಕೆನ್ನೆಯಷ್ಟೇ ದಟ್ಟವಾದ ಜೆಲ್ ಮಾಡಿ, ಅದರಲ್ಲಿ ಇಲ್ಲಿನ ರೋಗಿಗಳ ಕೋಶಗಳನ್ನಿಟ್ಟು ನೋಡಿದರೆ ಇದಕ್ಕೆ ನೇರ ಉತ್ತರ ಸಿಗಬಹುದು.

ಜೆಲ್ ಕೂಡ ಮೋಸ ಮಾಡೀತು

ಹಾಗೆಂದು ಜೆಲ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ‘ಮಾರಿಮಾಸ್ಟಾಟ್’ನಂಥ ಔಷಧಗಳ ಕಥೆ. ಕ್ಯಾನ್ಸರ್ ಕೋಶಗಳು ಕೊಲಾಜೆನ್ ಕತ್ತರಿಸಲು ಬಳಸುವ ಕಿಣ್ವಗಳನ್ನು ತಡೆದರೆ ಹರಡುವಿಕೆ ನಿಲ್ಲುತ್ತದೆ ಎಂಬ ಭರವಸೆಯಿಂದ 1990ರ ದಶಕದಲ್ಲಿ ಅವುಗಳನ್ನು ರೋಗಿಗಳ ಮೇಲೆ ಪ್ರಯೋಗಿಸಲಾಯಿತು. ಫಲ ಸಿಗಲಿಲ್ಲ, ಕೀಲುನೋವು ಮಾತ್ರ ಬಂತು. 2003ರಲ್ಲಿ ಕೊಲಾಜೆನ್ ಜೆಲ್‌ನಲ್ಲಿ ನಡೆಸಿದ ಪ್ರಯೋಗವೊಂದು ಕಾರಣ ತೋರಿಸಿದಂತೆ ಕಂಡಿತು: ಕತ್ತರಿಯನ್ನು ಕಸಿದುಕೊಂಡರೆ ಕೋಶಗಳು ಅಮೀಬಾದಂತೆ ಮೈ ಹಿಂಡಿಕೊಂಡು ನಾರುಗಳ ಸಂದಿಯಲ್ಲೇ ನುಸುಳಿಬಿಟ್ಟವು. ಆದರೆ 2009ರಲ್ಲಿ ಇನ್ನೊಂದು ತಂಡ ತಕರಾರು ತೆಗೆಯಿತು. ಕೊಲಾಜೆನ್ ಅನ್ನು ಪೆಪ್ಸಿನ್‌ನಿಂದ ಸಂಸ್ಕರಿಸಿದಾಗ ಅದರ ತುದಿಗಳು ತುಂಡಾಗಿ, ಬಲೆ ಸಡಿಲವಾಗುತ್ತದೆ. ಅಂಥ ಜೆಲ್‌ನಲ್ಲಿ ಮಾತ್ರ ಹೀಗೆ ನುಸುಳಲು ಸಾಧ್ಯ. ದೇಹದಲ್ಲಿರುವಂತೆ ಬಿಗಿಯಾಗಿ ಹೆಣೆದ ಬಲೆಯಲ್ಲಿ ಕತ್ತರಿ ಬೇಕೇ ಬೇಕು ಎಂಬುದು ಅದರ ವಾದ. ಜೆಲ್ ಮಾಡಿದ ಕೈಯನ್ನು ಅವಲಂಬಿಸಿ ಉತ್ತರವೇ ಬದಲಾಯಿತು.

ಜೆಲ್‌ಗೆ ಇನ್ನೂ ಕೊರತೆಗಳಿವೆ. ಅದರಲ್ಲಿ ರಕ್ತ ಹರಿಯುವುದಿಲ್ಲ. ರೋಗನಿರೋಧಕ ಕೋಶಗಳನ್ನು ಬೇಕೆಂದೇ ಸೇರಿಸದ ಹೊರತು ಇರುವುದಿಲ್ಲ. ಬಾಯಿಯಂಥ ಜಾಗದಲ್ಲಿ ಸದಾ ಇರುವ ಸೂಕ್ಷ್ಮಜೀವಿಗಳು, ಎಂಜಲು, ಜಗಿತದ ಒತ್ತಡ ಒಂದೂ ಇಲ್ಲ. ಹರಡುವಿಕೆಯ ಮೊದಲ ಹೆಜ್ಜೆಯನ್ನು ಅದು ಚೆನ್ನಾಗಿ ತೋರಿಸಬಲ್ಲದು. ಕುತ್ತಿಗೆಯ ಗ್ರಂಥಿಯಲ್ಲಿ ಹೋಗಿ ನೆಲೆಯೂರುವ ಕೊನೆಯ ಹೆಜ್ಜೆಯನ್ನು ತೋರಿಸುವುದು ಕಷ್ಟ.

ಇಷ್ಟಾದರೂ ಕಾನೂನು ಈ ದಿಕ್ಕಿಗೆ ತಿರುಗಿದೆ. ಪ್ರಾಣಿಗಳ ಮೇಲಿನ ಪರೀಕ್ಷೆ ಕಡ್ಡಾಯವಲ್ಲ ಎಂಬ ತಿದ್ದುಪಡಿಗೆ ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಅಂಕಿತ ಬಿತ್ತು. ಭಾರತದಲ್ಲಿಯೂ 2023ರ ಮಾರ್ಚ್‌ನಲ್ಲಿ ಹೊಸ ಔಷಧಗಳ ನಿಯಮಾವಳಿಗೆ ತಿದ್ದುಪಡಿ ತಂದು, ಮೂರು ಆಯಾಮದ ಅಂಗಾಂಶ ಮಾದರಿಗಳಂಥ ಪ್ರಾಣಿರಹಿತ ವಿಧಾನಗಳಿಗೆ ಅವಕಾಶ ನೀಡಲಾಗಿದೆ. ನಿಯಮ ಬಂದಿದೆ, ಅದಕ್ಕೆ ತಕ್ಕ ಮಾದರಿಗಳನ್ನು ಇಲ್ಲಿನ ರೋಗಗಳಿಗೆ ಹೊಂದಿಸುವ ಕೆಲಸ ಬಾಕಿ ಇದೆ.

ನಾಲ್ಕು ತಾಲ್ಲೂಕುಗಳ ಪಾಲು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆ ರಾಜ್ಯದ ವರ್ಜೀನಿಯಾ ತಂಬಾಕಿನ ಮುಖ್ಯ ನೆಲೆ. ಮುಂಗಾರಿನ ಆರಂಭದಲ್ಲಿ ನಾಟಿ, ಬ್ಯಾರನ್‌ಗಳಲ್ಲಿ ಬಿಸಿಗಾಳಿಯ ಹದ, ಆಮೇಲೆ ತಂಬಾಕು ಮಂಡಳಿಯ ಹರಾಜು. ಗುಂಟೂರಿನಲ್ಲಿ ಕೇಂದ್ರ ಕಚೇರಿ ಇರುವ ಮಂಡಳಿ 1976ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಹರಾಜು ಶುರುವಾದದ್ದು 1984ರಲ್ಲಿ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವೂ ಇದೆ. ಯಾವ ತಳಿ, ಯಾವ ಗೊಬ್ಬರ, ಯಾವ ಉಷ್ಣತೆ ಎಂಬುದಕ್ಕೆ ಈ ಸೀಮೆಯಲ್ಲಿ ದಶಕಗಳ ವಿಜ್ಞಾನ ದುಡಿದಿದೆ.

ತಂಬಾಕು ಬೆಳೆಯುವುದರಿಂದಲೇ ಬೆಳೆಗಾರನಿಗೆ ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದು ಅವಸರದ ಮಾತು. ಇಲ್ಲಿನ ಎಲೆ ಬಹುಪಾಲು ಸಿಗರೇಟಿಗೆ ಹೋಗುತ್ತದೆ, ದೊಡ್ಡ ಭಾಗ ರಫ್ತಾಗುತ್ತದೆ. ಒದ್ದೆ ಎಲೆ ಮುಟ್ಟುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ತಲೆಸುತ್ತು, ವಾಂತಿ ಆಗುವುದು ನಿಜ. ಅದು ಬೇರೆ ತೊಂದರೆ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3. ಬಾಯಿಗೆ ನೇರ ಹೊಡೆತ ಕೊಡುವುದು ಈ ಎರಡನೆಯ ಗುಂಪಿನ ಚಟ. ರಾಜ್ಯ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು ಎಂದು ಮಾರಾಟ ಮುಂದುವರಿದದ್ದು ಗೂಡಂಗಡಿ ನೋಡಿದ ಎಲ್ಲರಿಗೂ ಗೊತ್ತು.

ಆದರೆ ಈ ಸೀಮೆಗೆ ಒಂದು ನ್ಯಾಯಯುತ ಹಕ್ಕು ಇದೆ. ಬೆಳೆಯ ಮೇಲಿನ ವಿಜ್ಞಾನ ಹುಣಸೂರಿಗೆ ಬಂದಷ್ಟು ಸಲೀಸಾಗಿ, ಬೆಳೆಯ ಬಳಕೆಯಿಂದಾಗುವ ರೋಗದ ವಿಜ್ಞಾನ ಬಂದಿಲ್ಲ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಲು ಉತ್ತೇಜನ ಕೊಡಬೇಕೆಂದು ಅದು ಹೇಳುತ್ತದೆ. ಅದರ ಮೇಲೆ ಸಾಕಷ್ಟು ಚರ್ಚೆಯಾಗಿದೆ. ರೋಗಿಯ ಅಂಗಾಂಶದ ಬಗ್ಗೆ ಚರ್ಚೆಯೇ ಇಲ್ಲ.

ಚರ್ಚೆ ಬೇಕಾಗಿರುವುದು ಇಲ್ಲಿಯೇ. ಜೆಲ್ ಮಾದರಿಗೆ ಬೇಕಾದ ಕಚ್ಚಾ ವಸ್ತು ದುಬಾರಿ ಯಂತ್ರವಲ್ಲ, ಜೀವಂತ ಕೋಶ. ಹುಣ್ಣು ಕತ್ತರಿಸಿದ ಮೇಲೆ ಅದರ ಬಹುಭಾಗ ಫಾರ್ಮಲಿನ್ ಡಬ್ಬಿಗೆ ಬೀಳುತ್ತದೆ. ಪರೀಕ್ಷೆಗೆ ಅದೇ ಸರಿ, ಆದರೆ ಕೋಶಗಳು ಸಾಯುತ್ತವೆ. ಕಡಲೆಕಾಳಿನಷ್ಟು ಚೂರನ್ನು ತಣ್ಣನೆಯ ಪೋಷಕ ದ್ರವದಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ಪ್ರಯೋಗಾಲಯ ತಲುಪಿಸಿದರೆ ಅದು ಜೆಲ್‌ನೊಳಗೆ ಬೆಳೆಯಬಲ್ಲದು. ಮೈಸೂರಿನ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಬೆಂಗಳೂರಿಗೆ ಈಗ ಕೆಲವೇ ಗಂಟೆಗಳ ಹಾದಿ. ಚೂರಿನ ಜೊತೆಗೆ ಹುಣ್ಣಿನ ಆಳ ಎಷ್ಟು, ರೋಗಿ ಏನನ್ನು ಎಷ್ಟು ವರ್ಷ ಜಗಿದಿದ್ದಾರೆ, ಬಾಯಿ ಎಷ್ಟು ತೆರೆಯುತ್ತದೆ ಎಂಬ ವಿವರ ಇರಬೇಕು. ಎರಡು, ಮೂರು ವರ್ಷಗಳ ನಂತರ ಆ ರೋಗಿಯ ಕುತ್ತಿಗೆಯಲ್ಲಿ ಗಂಟು ಬಂತೇ ಇಲ್ಲವೇ ಎಂಬ ವರದಿ ಮರಳಿ ಪ್ರಯೋಗಾಲಯ ಸೇರಬೇಕು. ಈ ಕೊನೆಯದೇ ಅತಿ ಕಷ್ಟದ ಕೊಂಡಿ. ಜೆಲ್‌ನಲ್ಲಿ ವೇಗವಾಗಿ ನುಗ್ಗಿದ ಕೋಶ ರೋಗಿಯಲ್ಲೂ ಹರಡಿತೇ ಎಂದು ತಾಳೆ ನೋಡದಿದ್ದರೆ ಜೆಲ್ ಬರೀ ಚಂದದ ಚಿತ್ರ ಕೊಟ್ಟೀತು. ಊರಿಗೆ ಮರಳಿದ ಕೂಲಿ ಮರುಪರೀಕ್ಷೆಗೆ ಬಾರದೆ ಹೋಗುವುದು ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿಯ ಕಾರಣಕ್ಕೆ. ಎಚ್.ಡಿ. ಕೋಟೆಯ ಹಾಡಿಗಳಿಂದ ಬರುವವರಿಗೆ ಈ ದೂರ ಇನ್ನೂ ಹೆಚ್ಚು. ಸಂಶೋಧನೆಯ ಅನುದಾನದಲ್ಲಿ ಈ ಬಸ್ ಚಾರ್ಜಿಗೂ ಒಂದು ಬಾಬತ್ತು ಇರಬೇಕಾಗುತ್ತದೆ.

ರೋಗಿಯ ಒಪ್ಪಿಗೆಯ ಪ್ರಶ್ನೆಯೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಅಂಗಾಂಶವನ್ನು ಸಂಶೋಧನೆಗೆ ಇಟ್ಟುಕೊಳ್ಳಬೇಕಾದರೆ ರೋಗಿಗೆ ಅರ್ಥವಾಗುವಂತೆ ತಿಳಿಸಿ ಸಹಿ ಪಡೆಯಬೇಕು, ನೈತಿಕ ಸಮಿತಿಯ ಅನುಮತಿಯೂ ಬೇಕು. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ, ಹತ್ತು ಕಾಗದಗಳ ನಡುವೆ, ಇಂಗ್ಲಿಷ್‌ನಲ್ಲಿ ಅಚ್ಚಾದ ಹನ್ನೊಂದನೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ನಿಯಮಕ್ಕೆ ಸರಿಹೋದೀತು, ತಿಳಿಸಿದಂತಾಗದು. ನಿಮ್ಮ ಕೆನ್ನೆಯ ಚೂರನ್ನು ಜೆಲ್‌ನಲ್ಲಿಟ್ಟು ಅದು ಹೇಗೆ ಹರಿದಾಡುತ್ತದೆಂದು ನೋಡುತ್ತೇವೆ, ಇದರಿಂದ ನಿಮಗೆ ಈಗ ಲಾಭವಿಲ್ಲ, ಮುಂದೆ ಬರುವವರ ಕುತ್ತಿಗೆ ಕತ್ತರಿಸಬೇಕೇ ಬೇಡವೇ ಎಂದು ಹೇಳಲು ನೆರವಾದೀತು ಎಂಬ ಮೂರು ಸಾಲು ಕನ್ನಡದಲ್ಲಿ ಇದ್ದರೆ ಓದಬಲ್ಲವರು ಓದಿಕೊಳ್ಳುತ್ತಾರೆ, ಓದಲಾರದವರಿಗೆ ಮಕ್ಕಳು ಓದಿ ಹೇಳುತ್ತಾರೆ.